ಹೊಸ್ತಿಲಾಚೆ ನಿಂತವಳು

"ಒಳಗೆ ಮಗು ಉಸಿರುಗಟ್ಟಿ ಅಳ್ತಿದೆ, ನೀನು ಇಲ್ಲಿ ಗಾಳಿ ಕುಡೀತಾ ನಿಂತಿದ್ದೀಯಲ್ಲೇ! ತಾಯೇನೇ ನೀನು, ದರಿದ್ರ ಮುಂಡೆ?"

ಮಕ್ಕಳ ಇಲಾಖೆಯ ಹೊಸ ಇನ್‌ಸ್ಪೆಕ್ಟರಮ್ಮ ಬೀದಿಯಲ್ಲೇ ಕೂಗಿದಳು. ಎದುರಿನ ಕಿಟಕಿಗಳು ತೆರೆದುಕೊಂಡವು.

"ಮಗೂ ಮೇಲೆ ಕೈ ಎತ್ತೋ ಹಾಗಾದ್ರೆ ಹೊರಗೆ ಬಂದು ನಿಲ್ಲು ಅಂತ ಅಕ್ಕ ಕಲಿಸಿದ್ದು, ಅಮ್ಮಾವ್ರೇ."

"ಯಾವ ಅಕ್ಕನೇ? ನಿನ್ನ ತಲೆ!"

ಅಕ್ಕ ಎಂದರೆ ಇದೇ ಇಲಾಖೆಯಿಂದ ವಾರವಾರ ನಮ್ಮ ಬೀದಿಗೆ ಬರುತ್ತಿದ್ದವಳು. ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆದು ದಣಿದು ಬಂದ ನನ್ನ ಜೊತೆ ನೆಲದ ಮೇಲೇ ಕೂರುತ್ತಿದ್ದಳು. ನನ್ನವ್ವ ನನ್ನನ್ನು ಹೊಡೆದೇ ಬೆಳೆಸಿದ್ದಳು. ಮಕ್ಕಳನ್ನು ಬೆಳೆಸುವುದೆಂದರೆ ಅದೇ ಎಂದುಕೊಂಡಿದ್ದೆ. ಮಗಳ ಬೆನ್ನಿನ ಬಾಸುಂಡೆ ಕಂಡು ಇಲಾಖೆಯವರು ಒಮ್ಮೆ ಅವಳನ್ನು ಕರೆದೊಯ್ದಿದ್ದರು. ಆಗಲೇ ಅಕ್ಕ ಬಂದದ್ದು.

"ಸಿಟ್ಟು ನೆತ್ತಿಗೇರಿದ್ರೆ ಮಗೂನ ಚಾಪೆ ಮೇಲೆ ಕೂರಿಸಿ ಹೊಸ್ತಿಲು ದಾಟು. ಕೈ ನಡುಕ ನಿಂತ ಮೇಲೆ ಒಳಗೆ ಹೋಗು. ಅತ್ತರೆ ಅಳಲಿ ಬಿಡೇ, ಏಟಿಗಿಂತ ಅಳು ಮೇಲು."

ಮಗಳು ಮನೆಗೆ ಮರಳಿದಳು. ದೇವರು ದೊಡ್ಡವನು, ಮತ್ತೆ ನನ್ನ ಕೈ ಮೇಲೇಳಲಿಲ್ಲ. ಅಷ್ಟರಲ್ಲಿ ಇಲಾಖೆಯ ಮೇಲಿನವರು ಬದಲಾದರು, ಅಕ್ಕನಂಥವರನ್ನು ಮನೆಮನೆಗೆ ಕಳಿಸುವ ಯೋಜನೆ ನಿಂತಿತು, ಅಕ್ಕನ ಕೆಲಸ ಹೋಯಿತು. ಹೊಸಬರಿಗೆ ಈ ಪಾಠ ಯಾರೂ ಹೇಳಿಕೊಟ್ಟಿರಲಿಲ್ಲ. ಮಗುವನ್ನು ಒಂಟಿಯಾಗಿ ಬಿಟ್ಟ ತಪ್ಪಿಗೆ ಸಮಿತಿಯ ಮುಂದೆ ಬಾ ಎಂದಳು ಇನ್‌ಸ್ಪೆಕ್ಟರಮ್ಮ.

ಆ ಯೋಜನೆ ನಿಲ್ಲಿಸಿದ ದೊಡ್ಡ ಸಾಹೇಬರೇ ಸಮಿತಿಯ ಅಧ್ಯಕ್ಷರು. ಮಗಳನ್ನು ಎತ್ತಿಕೊಂಡು ಅವರ ಮುಂದೆ ನಿಂತೆ. ಅಕ್ಕನೂ ಬಂದಿದ್ದಳು.

"ನಾನೇ ಕಲಿಸಿದ್ದು ಸಾರ್. ಇದರಿಂದ ಮಕ್ಕಳಿಗೆ ಏಟು ತಪ್ಪಿದೆ ಅಂತ ನಿಮ್ಮವರೇ ಮನೆಮನೆ ತಿರುಗಿ ನೋಡಿ ಹೇಳಿದ್ರಲ್ಲ?"

"ಇಲ್ಲ ಅಂದೋರು ಯಾರಮ್ಮ? ಚೆನ್ನಾಗೇ ಇತ್ತು. ಆದ್ರೆ ಅದು ಹಿಂದಿನವರ ಕೂಸು, ನಾವ್ಯಾಕೆ ಹಾಲೂಡಿಸೋಣ? ನಮ್ಮದೇ ಹೊಸದೊಂದು ಬರ್ತದೆ."

"ಅಲ್ಲೀವರೆಗೆ?"

"ಅಲ್ಲೀವರೆಗೆ ಕಾನೂನು." ಸಾಹೇಬರು ನನ್ನ ಕಡೆ ಗದ್ದ ಎತ್ತಿ ತೋರಿಸಿದರು. "ಇಂಥೋರಿಗೆ ಪಾಠ ಹೇಳೋದು ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಮಗೂನ ತಗೊಳ್ಳಿ."

ಇನ್‌ಸ್ಪೆಕ್ಟರಮ್ಮ ಕೈ ಚಾಚಿದಳು. ಮಗಳು ಕಿರುಚಿ ನನ್ನ ಕುತ್ತಿಗೆ ಅವುಚಿಕೊಂಡಳು. ಕೋಣೆಗಿದ್ದದ್ದು ಒಂದೇ ಬಾಗಿಲು. ಅವಳನ್ನು ಎದೆಗೊತ್ತಿಕೊಂಡು ಅದಕ್ಕೆ ಅಡ್ಡಲಾಗಿ ಮಲಗಿಬಿಟ್ಟೆ.

"ತುಳ್ಕೊಂಡು ಹೋಗ್ರೋ! ನನ್ನ ತುಳಿದೇ ಇವಳನ್ನ ಒಯ್ಬೇಕು!"

ಕೂಗಿದ್ದು ನಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಎಳೀರಿ ಆ ಹೆಂಗಸನ್ನ," ಎಂದರು ಸಾಹೇಬರು ಕೋಣೆಯ ಕಾವಲಿಗಿದ್ದ ಪೊಲೀಸಿನವನಿಗೆ. ಅಕ್ಕ ಬಂದು ನನ್ನ ತಲೆಯ ಬಳಿ ಕೂತಳು. ಕಣ್ಣು ಮುಚ್ಚಿ ದೇವರನ್ನು ಕರೆದೆ. ಮಗಳ ಎದೆ ನನ್ನೆದೆಯ ಮೇಲೆ ಗುಬ್ಬಿಯಂತೆ ಹೊಡೆದುಕೊಳ್ಳುತ್ತಿತ್ತು.

ಕಣ್ಣು ಬಿಟ್ಟೆ. ಅವಳ ಬೆನ್ನಿನ ಮೇಲೆ, ಗೇಣಂತರದಲ್ಲಿ, ಪೊಲೀಸಿನವನ ಎತ್ತಿದ ಬೂಟು ಕೆಳಗಿಳಿಯದೆ ನಿಂತಿತ್ತು.