ಎಡಗಡೆಯ ದೀಪ

ಚಳಿ ಹಿಂದೆ ಸರಿದು ಬಿಸಿಲು ಇನ್ನೂ ಹಲ್ಲು ತೋರಿಸದ ದಿನಗಳು. ಈರುಳ್ಳಿ ಕಿತ್ತು ವಾರವಾಗಿತ್ತು. ಅಂಗಳದ ತುಂಬ ಹರವಿದ ಗಡ್ಡೆಗಳ ನಡುವೆ ಅತ್ತಿಗೆ ಮಣೆ ಹಾಕಿಕೊಂಡು ಕೂತು ಒಣಗಿದ ಬಾಲವನ್ನೂ ಬೇರನ್ನೂ ಕತ್ತರಿಸಿ, ದಪ್ಪನೆಯದನ್ನು ಒಂದು ಕಡೆ, ಸಣ್ಣದನ್ನು ಇನ್ನೊಂದು ಕಡೆ ಹಾಕುತ್ತ, ಮೆತ್ತಗಾದದ್ದನ್ನು ಗೊಬ್ಬರದ ಬುಟ್ಟಿಗೆ ಎಸೆಯುತ್ತಿದ್ದಳು. ಬೀದಿಯ ಕಡೆಗಿದ್ದ ಗಿರಣಿಯಲ್ಲಿ ಅವಳ ಗಂಡ ಬೆಳಗಿನ ಮೊದಲ ಮೂಟೆ ಸುರಿದಿದ್ದ. ಬೆಲ್ಟಿನ ಟಪಟಪ ಸದ್ದಿಗೆ ಅಂಗಳದ ತಗಡಿನ ಗೇಟೂ ನಡುಗುತ್ತಿತ್ತು. ಎರಡು ಮನೆಯ ಬಾಗಿಲುಗಳಿಗೆ ಸಮದೂರದಲ್ಲಿ ಹಳೆಯ ಕಾರು ನಿಂತಿತ್ತು. ಅದರ ಬಲಗಡೆಯ ದೀಪದ ಎದುರು ಮೈದುನ ಕುಕ್ಕರಗಾಲಿನಲ್ಲಿ ಕೂತು, ದೀಪದ ಸುತ್ತ ಬಣ್ಣಕ್ಕೆ ಗೀರು ಬೀಳದಂತೆ ಕಾಗದದ ಟೇಪು ಅಂಟಿಸುತ್ತಿದ್ದ.

ಅಪ್ಪ ಸತ್ತ ಮೇಲೆ ಅಣ್ಣತಮ್ಮಂದಿರು ಮನೆಗೆ ಗೋಡೆ ಹಾಕಿಕೊಂಡರು, ಹೊಲಕ್ಕೆ ಬದು ಹಾಕಿಕೊಂಡರು. ಗಿರಣಿ ಅಣ್ಣನಿಗೆ ಹೋಯಿತು. ಬಾವಿಯ ಪಕ್ಕದ ತುಂಡು ನೆಲ ತಮ್ಮನಿಗೆ ಬಂತು. ಅವನು ಅಲ್ಲಿ ನೆರಳುಬಲೆ ಕಟ್ಟಿ ಮೆಣಸಿನಕಾಯಿ, ಎಲೆಕೋಸು, ಟೊಮೇಟೊ ಸಸಿ ಬೆಳೆಸಿ ಮಾರತೊಡಗಿದ. ಉಳಿದದ್ದು ಕಾರು. ಪಾಲು ಮಾಡಲು ಬಂದಿದ್ದ ಸೋದರಮಾವ ಬೇಸತ್ತು, "ಎಡಗಡೆ ದೊಡ್ಡವನಿಗೆ, ಬಲಗಡೆ ಚಿಕ್ಕವನಿಗೆ, ಹೋಗ್ರೋ ಅತ್ಲಾಗೆ" ಎಂದು ತಮಾಷೆಗೆ ಹೇಳಿ ಎದ್ದುಹೋಗಿದ್ದ. ತಮಾಷೆ ಅವನದು. ತೀರ್ಪೆಂದು ತೆಗೆದುಕೊಂಡವರು ಇವರಿಬ್ಬರು. ಅಂದಿನಿಂದ ಎಡಗಡೆಯ ಟಯರು ಸವೆದರೆ ಅಣ್ಣ ಹಾಕಿಸಬೇಕು, ಬಲಗಡೆಯದು ತಮ್ಮ. ಅಣ್ಣ ತೊಳೆದ ದಿನ ಕಾರು ಎಡಗಡೆ ಮಾತ್ರ ಹೊಳೆಯುತ್ತಿತ್ತು. ಗ್ಯಾರೇಜಿನವನು ಅದಕ್ಕೆ 'ಎರಡು ಸಂಸಾರದ ಗಾಡಿ' ಎಂದು ಹೆಸರಿಟ್ಟಿದ್ದ. ಸ್ಟೇರಿಂಗು ತಮ್ಮನ ಕಡೆ ಬಂತಲ್ಲ ಎಂಬ ಹೊಟ್ಟೆಯುರಿ ಅಣ್ಣನಿಗೆ ಇನ್ನೂ ಆರಿರಲಿಲ್ಲ.

ಈಗ ಬಂದ ಸಂಕಟ ದೀಪದ್ದು. ಬಿಸಿಲಿಗೆ ಬೆಂದು ಎರಡು ದೀಪಗಳ ಮೇಲಿನ ಪ್ಲಾಸ್ಟಿಕ್ಕೂ ಹಳದಿ ತಿರುಗಿ ಪೊರೆ ಬಂದ ಹಾಗಾಗಿತ್ತು. ಗಾಡಿಗಳ ತಪಾಸಣೆಯವನು ಹೋದ ಸಲ ಬಾಗಿ ನೋಡಿ, "ಒಳಗೆ ಬಲ್ಬು ಉರೀತಿದೆ, ಹೊರಗೆ ಬೆಳಕಿಲ್ಲ. ಎರಡೂ ತಿಳಿಯಾಗಿರಬೇಕು. ಇನ್ನೊಂದೇ ಸಲ ನೋಡ್ತೀನಿ. ಆಮೇಲೆ ಇದು ರಸ್ತೆಗೆ ಇಳಿಯೋ ಹಾಗಿಲ್ಲ" ಎಂದು ವಾಪಸು ಕಳಿಸಿದ್ದ. ಆ ಇನ್ನೊಂದು ಸಲ ಎಂದರೆ ನಾಳೆ. ಹೊಸ ದೀಪ ತರೋಣವೆಂದರೆ ಆ ಕಾರಿನ ಬಿಡಿಭಾಗ ಬರುವುದೇ ನಿಂತುಹೋಗಿತ್ತು. ಅಣ್ಣನಿಗೆ ಕಾರು ಇದ್ದರೂ ಸರಿ, ಗುಜರಿಗೆ ಹೋದರೂ ಸರಿ; ಗಿರಣಿಗೆ ಜನ ತಾವೇ ಮೂಟೆ ಹೊತ್ತು ಬರುತ್ತಾರೆ. ತಮ್ಮನ ಸಸಿಗೆ ಕಾಲಿಲ್ಲ. ಟ್ರೇಗಳಲ್ಲಿ ಮೆಣಸಿನ ಸಸಿ ಕಿತ್ತು ನೆಡುವ ಹದಕ್ಕೆ ಬಂದಿತ್ತು. ಪೇಟೆಯ ಬೀಜದಂಗಡಿಯವನು ಹೊಸದಾಗಿ ಇವನಲ್ಲಿ ವ್ಯಾಪಾರ ಕುದುರಿಸಿದ್ದ. ಈ ಸಲ ತಪ್ಪಿಸಿದರೆ ಅವನು ಬೇರೆಯವರ ಬಾಗಿಲು ತಟ್ಟುತ್ತಾನೆ, ಬಲಿತ ಸಸಿ ಟ್ರೇಯಲ್ಲೇ ಗೊಬ್ಬರವಾಗುತ್ತದೆ.

ತಮ್ಮ ಬಕೆಟ್ಟಿನಲ್ಲಿ ನೆನೆಹಾಕಿದ್ದ ಮರಳುಕಾಗದದಂಥ ಒರಟು ವಾಟರ್ ಪೇಪರನ್ನು ಕೊಡವಿ, ಮಟ್ಟಸವಾದ ರಬ್ಬರ್ ತುಂಡಿಗೆ ಸುತ್ತಿ ಉಜ್ಜತೊಡಗಿದ. ಹಳದಿ ನೀರು ಬಂಪರಿನ ಮೇಲೆ ಇಳಿಯಿತು. ನೀರು ಹಾಕಿದ, ಉಜ್ಜಿದ, ಮತ್ತೆ ನೀರು ಹಾಕಿದ. ಹಳದಿ ಹೋಗಿ, ಒರೆಸಿದಾಗ ದೀಪ ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು.

ಗಿರಣಿಯ ಬಾಗಿಲಲ್ಲಿ ಹಿಟ್ಟಿನ ಮುಖ ಕಾಣಿಸಿತು. ಅಣ್ಣ ಮೂರು ವರ್ಷದಿಂದ ತಮ್ಮನೊಡನೆ ನೇರ ಮಾತಾಡಿರಲಿಲ್ಲ. ಹೇಳುವುದನ್ನೆಲ್ಲ ಹೆಂಡತಿಗೋ ಗೋಡೆಗೋ ಹೇಳುತ್ತಿದ್ದ.

"ನೋಡಿದ್ಯೇನೇ? ಮಬ್ಬಾಗಿದ್ದ ಕಣ್ಣನ್ನ ಪೂರಾ ಕುರುಡು ಮಾಡಿದ್ರು ಕೆಲವರು."

ತಮ್ಮ ದೀಪಕ್ಕೆ ಹೇಳಿದ: "ಉಜ್ಜೋದು ಇನ್ನೂ ಮುಗಿದಿಲ್ಲ. ಹಿಟ್ಟು ಬೀಸೋ ಬುದ್ಧಿಗೆ ಅಷ್ಟೆಲ್ಲ ಹೊಳೆಯಲ್ಲ."

ಅತ್ತಿಗೆ ಯಾರ ಕಡೆಗೂ ನೋಡದೆ ಗಡ್ಡೆಯೊಂದರ ಬಾಲ ಕತ್ತರಿಸಿದಳು.

ಅಣ್ಣ ಒಳಗೆ ಹೋಗಿ ಹಲ್ಲುಜ್ಜುವ ಪೇಸ್ಟಿನ ಕೊಳವೆ ತಂದ. ಎಡಗಡೆಯ ದೀಪಕ್ಕೆ ಉದ್ದಕ್ಕೂ ಹಿಂಡಿ, ಹಳೆಯ ಬನಿಯನ್ನಿನಿಂದ ಗರಗರ ತಿಕ್ಕಿ, ಒಂದು ಚೊಂಬು ನೀರು ಚೆಲ್ಲಿದ. ಒದ್ದೆ ದೀಪ ಪಳಪಳ ಹೊಳೆಯಿತು.

"ಆಯ್ತು ನಮ್ಮದು. ಬುದ್ಧಿ ಇದ್ದೋನಿಗೆ ಬೆರಳಷ್ಟು ಪೇಸ್ಟು ಸಾಕು. ಇಲ್ಲದೋನು ದಿನವೆಲ್ಲ ಎಮ್ಮೆ ತೊಳೀತಾ ಕೂರ್ತಾನೆ."

"ಪೇಸ್ಟೆಲ್ಲ ಗಾಡಿಗೇ ಮುಗಿಸಿದ್ರೆ ನಾಳೆ ಗಿರಣಿಗೆ ಬರೋರು ಮೂಗು ಮುಚ್ಕೊಂಡು ಬರಬೇಕು" ಎಂದ ತಮ್ಮ, ಬಕೆಟ್ಟಿಗೆ.

ಅಣ್ಣ ಗಿರಣಿಗೆ ಹೋದ. ತಮ್ಮ ನಡುತರದ ಪೇಪರ್ ತೆಗೆದುಕೊಂಡ. ಮೊದಲು ಅಡ್ಡಡ್ಡ ಉಜ್ಜಿದ್ದನ್ನು ಈಗ ಉದ್ದುದ್ದ ಉಜ್ಜಿ ಹಿಂದಿನ ಗೀರುಗಳನ್ನೆಲ್ಲ ಅಳಿಸಿದ. ಆಮೇಲೆ ನುಣುಪಿನದು. ಬೆರಳಿನ ತುದಿ ನೀರಿನಲ್ಲಿ ನೆನೆದು ನೆರಿಗೆ ಬಿತ್ತು. ಅಂಗೈಗೆ ಗೀರಿನ ತರಿ ಸಿಗದಾದಾಗ ಮೆತ್ತನೆ ಬಟ್ಟೆಗೆ ಪಾಲಿಷ್ ಮುಟ್ಟಿಸಿ ಸುತ್ತಿಸುತ್ತಿ ತಿಕ್ಕಿದ. ಸುಣ್ಣದ ಬಿಳುಪು ಕರಗಿ, ಒಳಗಿನ ಬಲ್ಬು, ಅದರ ಹಿಂದಿನ ಬೆಳ್ಳಿತಟ್ಟೆ, ಅದರಲ್ಲಿ ತಲೆಕೆಳಗಾದ ಅವನ ಮುಖ, ಒಂದೊಂದಾಗಿ ಮೂಡಿದವು. ಕೊನೆಗೆ ಸಣ್ಣ ಡಬ್ಬಿ ತೆರೆದು ಮೆರುಗೆಣ್ಣೆಯಂಥ ಬಣ್ಣವಿಲ್ಲದ ಲ್ಯಾಕರನ್ನು ಬಟ್ಟೆಯಲ್ಲಿ ಅದ್ದಿ, ಒಂದೇ ದಿಕ್ಕಿಗೆ, ಎಳೆದ ಕಡೆ ಮತ್ತೆ ಎಳೆಯದೆ ಬಳಿದ. ಕಂಪನಿ ಹಾಕಿದ್ದ ಹಳೇ ಪದರ ಉಜ್ಜಿ ಹೋಗಿರುತ್ತದೆ. ಇದನ್ನು ಬಳಿಯದಿದ್ದರೆ ಬಿಸಿಲಿಗೆ ದೀಪ ಮೊದಲಿಗಿಂತ ಬೇಗ ಹಳದಿಯಾಗುತ್ತದೆ.

ಅಷ್ಟರಲ್ಲಿ ಎಡಗಡೆಯ ದೀಪ ಒಣಗಿತ್ತು. ಹೊಳಪೆಲ್ಲ ನೀರಿನದು. ನೀರು ಆರಿದಂತೆ ಹಳದಿ ಪೊರೆ ಮತ್ತೆ ಕೂತು, ಮೂಲೆಗಳಲ್ಲಿ ಪೇಸ್ಟು ಬೇರೆ ಬಿಳಿ ಕಟ್ಟಿತ್ತು. ಒಂದು ಕಣ್ಣು ಎಳೆಗೂಸಿನದು, ಇನ್ನೊಂದು ಮುದಿನಾಯಿಯದು ಎಂಬಂತೆ ಕಾರು ಬೀದಿ ನೋಡುತ್ತಿತ್ತು.

ತಮ್ಮ ಎದ್ದು ಎಡಗಡೆಯ ದೀಪ ನೋಡಿದ. ಎರಡೂ ತಿಳಿಯಾಗಿರಬೇಕು ಎಂದಿದ್ದಾನೆ ತಪಾಸಣೆಯವನು. ಪೇಪರಿತ್ತು, ಪಾಲಿಷಿತ್ತು, ಮಧ್ಯಾಹ್ನದ ಬಿಸಿಲೂ ಇತ್ತು. ಸುಮ್ಮನೆ ಕೂತು ಅದನ್ನೂ ಉಜ್ಜಿಬಿಡಬಹುದಿತ್ತು. ಆದರೆ ಎಡಗಡೆ ಕೈಯಿಟ್ಟರೆ ಕಲ್ಲು ಹಾಕಿ ಒಡೆಯುತ್ತೇನೆಂದು ಅಣ್ಣ ಹಿಂದಿನ ದಿನವೇ ಗೋಡೆಗೆ ಹೇಳಿದ್ದ. ಒಡೆಯುವವನೇ. ಪಾಲಿನಲ್ಲಿ ಒಂದೇ ಏಣಿ ಬಂದಾಗ ಅದನ್ನು ನಡುವೆ ಗರಗಸ ಹಾಕಿ ಕುಯ್ದವನು.

ತಮ್ಮ ಕೈ ಒರೆಸಿಕೊಂಡು ಗಿರಣಿಗೆ ನಡೆದ. ಒಳಗೆ ಮೂಟೆಗಳ ಮೇಲೆ ಮೂವರು ನಾಲ್ವರು ಕಾದು ಕೂತಿದ್ದರು. ಬೆಲ್ಟು ಓಡುತ್ತಿತ್ತು.

"ಎಡಗಡೇದು ಆಗಿಲ್ಲ" ಎಂದು ಕೂಗಿದ, ಮೂರು ವರ್ಷದಲ್ಲಿ ಮೊದಲ ಸಲ ಮುಖ ನೋಡಿ. "ನಾನೇ ಮಾಡ್ಕೊಡ್ತೀನಿ."

ಅಣ್ಣ ಹಿಟ್ಟನ್ನು ಬೆರಳಿನಲ್ಲಿ ಉಜ್ಜಿ ನೋಡಿದ. ಅವಸರವಿರಲಿಲ್ಲ ಅವನಿಗೆ.

"ನಿನ್ನ ಹಂಗು ನನಗೆ ಬೇಡ."

"ಹಂಗಲ್ಲ. ನಾಳೆ ಗಾಡಿ ಪಾಸಾಗ್ಬೇಕು."

"ಅದು ನಿನ್ನ ಗರಜು. ನನ್ನ ಮನೆಯ ಪೆಟ್ಟಿಗೆ ತೆರೆಸಿದ್ಯಲ್ಲ ನಾಲ್ಕು ಜನರ ಎದುರಿಗೆ, ಅವತ್ತು ಇತ್ತಾ ಗರಜು? ಅದು ತಪ್ಪಾಯ್ತು ಅನ್ನು. ಆಮೇಲೆ ದೀಪ ಮುಟ್ಟು."

ಪಾಲಾದ ದಿನದ ಮಾತು ಅದು. ಅಮ್ಮನ ಕಿವಿಯ ಓಲೆ ಸಿಕ್ಕಿರಲಿಲ್ಲ. ತಮ್ಮ ಎಲ್ಲರ ಮುಂದೆ ಎದ್ದು, "ಅತ್ತಿಗೆ ಪೆಟ್ಟಿಗೆ ಒಂದ್ಸಲ ತೆರೆಸಿ ನೋಡಿ" ಎಂದಿದ್ದ. ತೆರೆಸಿದರು. ಅವಳ ಬಟ್ಟೆಗಳನ್ನು ಒಂದೊಂದಾಗಿ ಕೊಡವಿ ನೆಲದ ಮೇಲೆ ಹಾಕಿದರು. ಓಲೆ ಇರಲಿಲ್ಲ.

ಟ್ರೇಗಳಲ್ಲಿನ ಸಸಿ ತಮ್ಮನ ಕಣ್ಣ ಮುಂದೆ ಬಂತು.

"ತಪ್ಪಾಯ್ತು."

"ಏನು? ಗಿರಣಿ ಸದ್ದು."

"ತಪ್ಪಾಯ್ತು ಅಂದೆ!"

ಅಣ್ಣ ಕೈ ಚಾಚಿ ಮೋಟಾರು ನಿಲ್ಲಿಸಿದ. ಬೆಲ್ಟು ನಿಧಾನವಾಗಿ ನಿಂತಿತು. ಮೂಟೆಯ ಮೇಲಿನವರು ತಲೆಯೆತ್ತಿದರು. ಅಂಗಳದಲ್ಲಿ ಈರುಳ್ಳಿ ಕತ್ತರಿಸುವ ಸದ್ದೂ ನಿಂತಿತು.

"ಈಗ ಹೇಳು."

"ತಪ್ಪಾಯ್ತು, ಅಣ್ಣ." ಎಂಜಲು ಉಗುಳಿದ ಹಾಗೆ ಹೇಳಿದ.

"ಕೇಳಿಸ್ಕೊಂಡ್ರಾ?" ಎಂದು ಅಣ್ಣ ಗಿರಾಕಿಗಳನ್ನು ಕೇಳಿದ. ಒಬ್ಬ ಮುದುಕ, "ನಮಗೆ ಹಿಟ್ಟಾದ್ರೆ ಸಾಕಪ್ಪಾ" ಎಂದ. ಅಣ್ಣ ಮೋಟಾರು ಹಾಕಿ, "ಹೋಗು. ಚೆನ್ನಾಗಿ ಮಾಡು" ಎಂದ, ಕೂಲಿಯವನಿಗೆ ಹೇಳುವ ದನಿಯಲ್ಲಿ.

ತಮ್ಮ ಎಡಗಡೆಯ ದೀಪದ ಮುಂದೆ ಕೂತ. ಟೇಪು, ನೀರು, ಒರಟು ಪೇಪರು. ಅಣ್ಣ ನಡುನಡುವೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ. "ಆ ಮೂಲೆ ಬಿಟ್ಟೆ." ಅವನು ಆ ಮೂಲೆ ಉಜ್ಜಿದ. "ಕೆಳಗಡೆ ಹಳದಿ ಹಾಗೇ ಇದೆಯಲ್ಲ, ಕಣ್ಣಿಲ್ವಾ?" ಕೆಳಗಡೆಯೂ ಉಜ್ಜಿದ. ಮೈಯ ರಕ್ತವೆಲ್ಲ ಕೈಗಿಳಿದಂತೆ ಉಜ್ಜಿದ. ಕೋಪಕ್ಕೋ ಏನೋ, ಪಾಲಿಷ್ ಆದಾಗ ಎಡಗಡೆಯದೇ ಹೆಚ್ಚು ಹೊಳೆಯಿತು. ಅಣ್ಣ ಬಾಗಿ ಅದರಲ್ಲಿ ತನ್ನ ಮೀಸೆ ನೋಡಿಕೊಂಡ.

"ಆಯ್ತಾ?"

"ಆಯ್ತು."

"ಹ್ಞೂಂ. ಬೈದರೆ ಕೆಲಸ ಬರುತ್ತೆ ನಿನಗೆ." ಅಣ್ಣ ಗಿರಣಿಗೆ ಹೋದ.

ತಮ್ಮ ಲ್ಯಾಕರ್ ಡಬ್ಬಿಯ ಮುಚ್ಚಳ ಒತ್ತಿ ಭದ್ರ ಮಾಡಿದ. ನಾಳೆಗೆ ಇಷ್ಟು ಸಾಕು, ಪಾಸಾಗುತ್ತದೆ. ಮುಂದೆ ಎಡಗಡೆ ಮಾತ್ರ ಹಳದಿ ತಿರುಗಲಿ. ಅವನ ಕಡೆ, ಅವನ ಪಾಲು. ಆಗ ಗೋಡೆಗೆ ಏನು ಹೇಳುತ್ತಾನೋ ನೋಡೋಣ. ಆಗಲೂ ಗಾಡಿ ನಿಂತರೆ ತನ್ನ ಸಸಿಯೇ ನಿಲ್ಲುವುದೆಂದು ಅವನಿಗೆ ಹೊಳೆಯದೆ ಇರಲಿಲ್ಲ. ಹೊಳೆದದ್ದನ್ನು ಬದಿಗೆ ಸರಿಸಿದ.

"ಅದಕ್ಕೆ ಕೊನೇಲಿ ಏನೋ ಬಳಿದ್ಯಲ್ಲ" ಎಂದಳು ಅತ್ತಿಗೆ. ಕತ್ತಿ ಕೈಯಲ್ಲೇ ಇತ್ತು. "ಇದಕ್ಕಿಲ್ವಾ?"

ಪೆಟ್ಟಿಗೆ ತೆರೆಸಿದ ದಿನದಿಂದ ಅವಳು ಅವನೊಡನೆ ಆಡಿದ ಮೊದಲ ಮಾತು ಅದು. ಅವನು ಬೆಚ್ಚಿದ.

"ಇದಕ್ಕೆ ಬೇಕಾಗಿಲ್ಲ."

"ಒಂದೇ ಗಾಡಿ, ಒಂದೇ ಬಿಸಿಲು. ಒಂದಕ್ಕೆ ಬೇಕು, ಇನ್ನೊಂದಕ್ಕೆ ಬೇಡ. ನಿಮ್ಮಣ್ಣನಿಗೆ ಕಣ್ಣಿಲ್ಲ ಮಾರಾಯ, ನನಗಿದೆ. ಬೆಳಗಿಂದ ಇಲ್ಲೇ ಕೂತಿದ್ದೀನಿ."

"ಅವನು ನನ್ನ ಮಾನ ಕಳೆದ. ತಪ್ಪಾಯ್ತು ಅಂತ ಅನ್ನಿಸ್ದ. ಅನ್ನಲಿಲ್ವಾ ನಾನು? ಲೆಕ್ಕ ಮುಗೀತು."

"ಯಾರಿಗೆ ಅಂದೆ?"

ಅವನು ಗಿರಣಿಯ ಕಡೆ ನೋಡಿದ.

"ಬಟ್ಟೆ ಕೊಡವಿದ್ದು ನಿಮ್ಮಣ್ಣನದಾ? ಲಂಗದಿಂದ ಹಿಡಿದು ಎಲ್ಲ ನೆಲಕ್ಕೆ ಹಾಕಿದ್ರು, ನಿನ್ನ ಮಾವ, ಪಕ್ಕದ ಮನೆಯವರು, ಎಲ್ಲ ನೋಡ್ತಾ ನಿಂತಿದ್ರು. ಈಗ ನೀನು ನಿಮ್ಮಣ್ಣನಿಗೆ ತಪ್ಪಾಯ್ತು ಅಂದೆ, ಅವರು ಮೀಸೆ ತಿರುವಿಕೊಂಡ್ರು. ಕೊಟ್ಟೋನು ನೀನು, ಇಸ್ಕೊಂಡೋರು ಅವರು. ಚೆನ್ನಾಗಿದೆ ಅಣ್ಣತಮ್ಮಂದಿರ ವ್ಯವಹಾರ."

ಅವಳ ದನಿ ಏರಿರಲಿಲ್ಲ. ಅವಳು ಈ ಮನೆಗೆ ಬಂದಾಗ ಅವನು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ. ಜ್ವರ ಬಂದಾಗ ಅವಳ ಮಡಿಲಲ್ಲೇ ವಾಂತಿ ಮಾಡಿಕೊಂಡವನು. ಅವನು ಡಬ್ಬಿಯನ್ನು ಕೈಯಲ್ಲಿ ತಿರುಗಿಸಿದ. ಬಾಯಿ ತೆರೆದ. ಗಿರಣಿಯಲ್ಲಿ ಸಸಿಗಾಗಿ ಹೊರಬಿದ್ದ ಮಾತು ಇಲ್ಲಿ ಹಲ್ಲಿನ ಹಿಂದೆಯೇ ಕೂತಿತು. ಇಲ್ಲಿ ಹೇಳಿದರೆ ಅದು ನಿಜವಾಗಿಬಿಡುತ್ತಿತ್ತು.

ಮುಚ್ಚಳ ಕಿತ್ತು ಬಟ್ಟೆ ಅದ್ದಿದ. ಎಡಗಡೆಯ ದೀಪಕ್ಕೆ ಮೇಲಿನ ಅಂಚಿನಿಂದ ಶುರುಮಾಡಿ, ಒಂದೇ ದಿಕ್ಕಿಗೆ, ಉಸಿರು ಬಿಗಿಹಿಡಿದು ಬಳಿದ. ಒಂದು ಎಳೆ ದಾರವೂ ಅಂಟದಂತೆ ಬಳಿದ. ಮುಗಿಸಿ ಅವಳ ಕಡೆ ನೋಡಿದ.

"ಪ್ಲಾಸ್ಟಿಕ್ಕಿಗೆ ಬಳಿದದ್ದು ಪ್ಲಾಸ್ಟಿಕ್ಕಿಗೆ" ಎಂದಳು. "ನನಗೆ ಬರಬೇಕಾದ್ದು ಬಂದ ಹಾಗಲ್ಲ." ಗಡ್ಡೆಯೊಂದನ್ನು ಎತ್ತಿಕೊಂಡಳು.

ಮರುದಿನ ತಪಾಸಣೆಯವನು ಕಾರನ್ನು ಬಿಳಿ ಹಲಗೆಯ ಎದುರು ನಿಲ್ಲಿಸಿ ದೀಪ ಹಾಕಿಸಿದ. ಹಲಗೆಯ ಮೇಲೆ ಎರಡು ಬೆಳಕೂ ಅಂಚು ಕತ್ತರಿಸಿದಂತೆ ಬಿದ್ದವು. "ಹೊಸದು ಹಾಕಿಸಿದ್ರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೊಹರು ಒತ್ತಿದ.

ತಮ್ಮ ವಾಪಸು ಬರುವಷ್ಟರಲ್ಲಿ ಸುದ್ದಿ ಗಿರಣಿ ಮುಟ್ಟಿ, ಅಲ್ಲಿ ಅಣ್ಣನ ದನಿ ಬೆಲ್ಟಿಗಿಂತ ಜೋರಾಗಿತ್ತು: "ಪಾಸಾಗ್ದೆ ಏನಾಗುತ್ತೆ? ನಿಂತು ಮಾಡಿಸಿದ್ದು ಯಾರು?" ಅತ್ತಿಗೆ ಅಂಗಳದಲ್ಲಿ ಈರುಳ್ಳಿಯ ಎದುರೇ ಇದ್ದಳು. ಅವನು ಕಾರಿಂದಿಳಿದು ಹತ್ತಿರ ಬಂದು ನಿಂತ.

"ಅತ್ತಿಗೆ."

"ಹ್ಞೂಂ."

"ಪಾಸಾಯ್ತು."

"ಕೇಳಿಸ್ತು. ಊರಿಗೇ ಕೇಳಿಸ್ತಿದೆ."

ಅವನು ಹೋಗಲಿಲ್ಲ. ಅವಳ ಕತ್ತಿ ನಿಂತಿತು. ತಲೆಯೆತ್ತಿ, ಅವನ ಮುಖವನ್ನೇ ನೋಡುತ್ತ ಕಾದಳು. ಇಷ್ಟು ಹೊತ್ತು ಅವಳು ಯಾರಿಗೂ ಕಾದದ್ದಿಲ್ಲ. ಅವನು ಕಾಲಬೆರಳಿನಿಂದ ಈರುಳ್ಳಿ ಸಿಪ್ಪೆಯೊಂದನ್ನು ಸರಿಸಿದ.

"ಸಸಿ ಹೇರ್ಬೇಕು" ಎಂದ. "ಅಂಗಡಿಯವನು ಕಾಯ್ತಿರ್ತಾನೆ."

"ಹೇರ್ಕೋ."

ಕತ್ತಿ ಮತ್ತೆ ಕೆಲಸಕ್ಕೆ ಇಳಿಯಿತು. ಅವನು ನೆರಳುಬಲೆಯಿಂದ ಟ್ರೇ ಹೊತ್ತು ತಂದ. ಕಾರಿಗೆ ಹೋಗಲು ಅವಳ ಪಕ್ಕದಲ್ಲೇ ಹಾಯಬೇಕಿತ್ತು. ಹಾಯ್ದಾಗಲೆಲ್ಲ ಅವಳು ದಾರಿ ಬಿಡಲು ಬುಟ್ಟಿ ಸರಿಸಿದಳು, ಅವನು ಹೋದ ಮೇಲೆ ಮತ್ತೆ ಎಳೆದುಕೊಂಡಳು. ಕೊನೆಯ ಟ್ರೇ ಇಟ್ಟು ಬಾಗಿಲು ಹಾಕಿದ. ಕಾರು ಗೇಟು ದಾಟಿತು.

ಧೂಳು ಕೂತ ಮೇಲೆ ಅವಳು ಮಣೆಯಿಂದ ಎದ್ದಳು. ಬುಟ್ಟಿಬುಟ್ಟಿಯಾಗಿ ಈರುಳ್ಳಿ ಹೊತ್ತು ತಂದು, ಕಾರು ನಿಲ್ಲುವ ಜಾಗದ ತುಂಬ, ಗೇಟಿನವರೆಗೂ, ಕಾರು ಒಳಬರಲು ದಾರಿಯಿಲ್ಲದಂತೆ ಹರವಿದಳು.