ಪಟ್ಟಿಯ ಅಂಚು

ಪೆನ್ನು ಉರುಳಿತು, ಮಂಚದ ಕೆಳಗೆ, ನೆಲ ಒರೆಸುವವಳು ಎಲ್ಲ ವಾರ್ಡುಗಳ ಕೊಳೆ ತಂದು ಸವರಿ ಹೋದ ಅದೇ ಜಾಗಕ್ಕೆ, ದೊಡ್ಡ ಡಾಕ್ಟರು ಬಗ್ಗಿದರು, ಎತ್ತಿಕೊಂಡರು, ಜೇಬಿಗೆ ಸಿಕ್ಕಿಸಿದರು — ಇನ್ನು ಕೈ ತೊಳೆಯುತ್ತಾರೆ, ಬಾಗಿಲ ಪಕ್ಕದಲ್ಲೇ ನಲ್ಲಿಯಿದೆ, ನಾಲ್ಕೇ ಹೆಜ್ಜೆ, ಮಂಚದ ಪಕ್ಕ ನಿಂತ ಅಮ್ಮ ನಲ್ಲಿಯನ್ನು ನೋಡಿದಳು, ಅವರ ಕೈಯನ್ನು ನೋಡಿದಳು, ಮತ್ತೆ ನಲ್ಲಿಯನ್ನು. ಡಾಕ್ಟರು ಆ ಕಡೆ ತಿರುಗಲೇ ಇಲ್ಲ. ಹೇಗಿದ್ದೀಯಾ ಪುಟ್ಟಿ, ಎಂದರು. ಮಗಳು ಹೇಗೆ ಹೇಳಿಯಾಳು, ಕತ್ತಿನ ಕೊಳವೆಯಲ್ಲಿ ಉಸಿರು ಬರುತ್ತದೆ, ಮಾತು ಬರುವುದಿಲ್ಲ, ಕಿರಿದಾಗಿದ್ದ ಶ್ವಾಸನಾಳವನ್ನು ಹಿಗ್ಗಿಸಿ ಹೊಲಿದು ಇಂದಿಗೆ ಮೂರು ದಿನ, ಸೋಂಕು ತಾಗದೆ ಏಳು ದಿನ ಕಳೆದರೆ ಗೆದ್ದ ಹಾಗೆ ಎಂದವರು ಇವರೇ, ಹೋದ ಸಲ ಐದನೆಯ ದಿನ ಜ್ವರ, ಆಮೇಲೆ ಕೀವು, ಹೊಲಿಗೆಯೆಲ್ಲ ಬಿಟ್ಟುಕೊಂಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು, ಯಾರ ಕೈಯಿಂದ ಎಂದು ಯಾರೂ ಹೇಳಲಿಲ್ಲ, ಅವಳಿಗೆ ಗೊತ್ತು, ಕಫ ಉಕ್ಕಿದಾಗ ಗಾಬರಿಯಲ್ಲಿ ತನ್ನ ಅಂಗಿಯ ತೋಳಿನಿಂದಲೇ ಒರೆಸಿದವಳು ಅವಳೇ. ಅದಕ್ಕೇ ಈ ಸಲ ಹದ್ದಿನ ಕಣ್ಣು, ಅತ್ತೆಯನ್ನೂ ಬಾಗಿಲಲ್ಲೇ ತಡೆದಳು, ಸೋಪು ಹಚ್ಚಿ ಅತ್ತೆ, ಉಂಗುರ ತೆಗೆದು, ಬೆರಳ ಸಂದಿಗೂ — ನನ್ನ ಕೈಗೇನು ಹುಳ ಬಿದ್ದಿದೆಯೇನೇ, ನಿನ್ನ ಗಂಡನ್ನ ಸಾಕಿದ್ದು ಇದೇ ಕೈ, ಎಂದವರು ಮೂರು ದಿನದಿಂದ ಹೊರಗಿನ ಕುರ್ಚಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಾರೆ. ಅತ್ತೆಗೆ ಹೇಳಿದ ನಾಲಿಗೆ ಈಗ ಎಲ್ಲಿ ಹೋಯಿತು, ಹೇಳು, ಸರ್, ಕೈ — ಎರಡೇ ಮಾತು, ಪಕ್ಕದಲ್ಲಿದ್ದ ಗಂಡ ಅವಳ ಮುಖ ಓದಿ ಮೊಣಕೈ ಒತ್ತಿದ, ಸುಮ್ನಿರು, ಅವ್ರಿಗೆ ಗೊತ್ತಿರಲ್ವಾ, ಸಿಟ್ಟಾದ್ರೆ ಕಷ್ಟ. ಹೌದು, ಗೊತ್ತಿರುತ್ತದೆ, ಕೂದಲೆಳೆಯಂಥ ನೂಲಿನಲ್ಲಿ ಗಂಟೆಗಟ್ಟಲೆ ಹೊಲಿದ ಬೆರಳುಗಳು ಇವೇ, ಉಸಿರು ಕೊಟ್ಟ ಕೈಯನ್ನೇ ಶಂಕಿಸುವುದೇ, ಬೆರಳುಗಳು ಕತ್ತಿನ ಕಡೆ ಬರುತ್ತಿವೆ, ಒಂದು ಗೇಣು, ಅರ್ಧ ಗೇಣು, ಸರ್ — ದನಿ ಹೊರಡಲಿಲ್ಲ, ಈಗ ಮಗಳ ಹಾಗೆ ಅವಳೂ —

ಡಾಕ್ಟ್ರೇ, ಕೈ ತೊಳ್ಕೊಂಡ್ರಾ, ಬಾಗಿಲಿನಿಂದ ಅತ್ತೆಯ ಗಟ್ಟಿ ದನಿ, ನಮ್ಮ ಸೊಸೆ ನನ್ನನ್ನೇ ಒಳಗೆ ಬಿಟ್ಟಿಲ್ಲ, ನೀವ್ಯಾವ ಲೆಕ್ಕ! ಅವಳು ಗಕ್ಕನೆ ಬಾಗಿಲ ಕಡೆ ತಿರುಗಿದಳು, ನರ್ಸ್ ನಗು ನುಂಗಿಕೊಂಡಳು, ಗಂಡ ನೆಲ ನೋಡಿದ, ತಪ್ಪಾಯ್ತಮ್ಮಾ, ಎಂದು ಡಾಕ್ಟರು ನಗುತ್ತಲೇ ನಲ್ಲಿಯ ಕಡೆ ನಡೆದರು, ನೀರು ಸುರಿಯಿತು, ಎಷ್ಟು ಚೆಂದ ಸುರಿಯಿತು, ಅತ್ತೆಯ ಕಾಲು ಹಿಡಿಯಬೇಕು ಅನ್ನಿಸಿತು, ಅವಳು ಮತ್ತೆ ಮಂಚದ ಕಡೆ ತಿರುಗಿದಳು. ಮೂರು ದಿನ ರೆಪ್ಪೆ ಮುಚ್ಚದೆ ಕಾದವಳು, ಬಾಗಿಲ ಕಡೆ ತಿರುಗಿದ ಆ ಒಂದು ಕ್ಷಣ ನೋಡಲಿಲ್ಲ. ಡಾಕ್ಟ್ರು ಮುಟ್ಟಿದ್ರಾ ಪುಟ್ಟಿ, ನೋಡಿದ್ಯಾ, ಮಗಳು ಅಜ್ಜಿಯನ್ನು ನೋಡುತ್ತ ಸದ್ದಿಲ್ಲದೆ ನಗುತ್ತಿದ್ದಾಳೆ, ಕೊಳವೆಯ ಸುತ್ತ ಇಟ್ಟ ಬಿಳಿ ಪಟ್ಟಿಯ ಒಂದು ಅಂಚು ಮೇಲೆದ್ದಿದೆ, ಅಲುಗುತ್ತಿದೆ, ಉಸಿರಿಗೆ ಎದ್ದಿತೋ, ಡಾಕ್ಟರ ಬೆರಳಿಗೋ, ಬೆಳಿಗ್ಗೆ ಅಂಟಿಕೊಂಡೇ ಇತ್ತು, ಇತ್ತಲ್ಲವೇ, ನೆಲ, ಪೆನ್ನು, ಬೆರಳು, ಬಿಳಿ ಅಂಚು, ಮೇಲೆದ್ದ ಬಿಳಿ ಅಂಚು —