ಇಪ್ಪತ್ತು ಸೆಕೆಂಡಿನ ಉಸಿರು

ಎಡ ಸ್ತನದ ಕ್ಯಾನ್ಸರ್‌ಗೆ ಕಿರಣ ಹಾಯಿಸುವಾಗ ರೋಗಿ ಇಪ್ಪತ್ತು ಸೆಕೆಂಡು ಉಸಿರು ತುಂಬಿ ಹಿಡಿದರೆ ಹೃದಯ ಹಿಂದೆ ಸರಿದು ಏಟು ತಪ್ಪಿಸಿಕೊಳ್ಳುತ್ತದೆ. ಸಂಶೋಧಕಿಯ ಹೊಸ ಪದ್ಧತಿ ನಿಂತಿದ್ದೇ ಇದರ ಮೇಲೆ. ಆದರೆ ಯಂತ್ರದಡಿ ಮಲಗಿದ್ದ ಟೀಚರಮ್ಮನ ಬಾಯಿಗೆ ಬಿಡುವೆಂಬುದೇ ಇರಲಿಲ್ಲ. ಮೈಕಿನಲ್ಲಿ "ಉಸಿರು ಹಿಡೀರಿ" ಎಂದರೆ "ಹಿಡಿದೆ ಕಣಮ್ಮ" ಎಂದು ಉತ್ತರ ಬರುತ್ತಿತ್ತು. ಹಿಡಿದ ಉಸಿರು ಹೊರಬಿದ್ದೊಡನೆ ಕಿರಣವೂ ನಿಲ್ಲುತ್ತಿತ್ತು. ಇನ್ನೊಮ್ಮೆ ತಪ್ಪಿದರೆ ಅವರನ್ನು ಈ ಪ್ರಯೋಗದಿಂದ ಕೈಬಿಡಬೇಕು. ಸಂಶೋಧಕಿಗೆ ಅದು ಸುತರಾಂ ಇಷ್ಟವಿರಲಿಲ್ಲ.

ಹೊರಗೆ ಕೂತಿದ್ದ ಟೀಚರಮ್ಮನ ನಾದಿನಿ ಎದ್ದು ಬಂದಳು. "ಮೈಕ್ ಇಲ್ಲಿ ಕೊಡಿ. ನಮ್ಮತ್ತಿಗೆ ಹೇಗೆ ಸುಮ್ಮನಾಗ್ತಾರೆ ಅಂತ ನಂಗೊತ್ತು."

"ಅತ್ತಿಗೆ, ಉಸಿರು ಎಳ್ಕೊಳ್ಳಿ. ನಿಮ್ಮ ಮದುವೆಗೆ ಮುಂಚೆ ನಮ್ಮಣ್ಣ ಇನ್ನೊಬ್ಬಳ ಮೇಲೆ ಮನಸ್ಸಿಟ್ಟಿದ್ದ. ಅವಳು ಯಾರು ಅಂದ್ರೆ..."

ಅಷ್ಟಕ್ಕೇ ನಿಲ್ಲಿಸಿದಳು. ಪರದೆಯ ಮೇಲಿನ ಉಸಿರಿನ ಗೆರೆ ಮಿಸುಕಲಿಲ್ಲ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಕಿರಣ ಪೂರ್ತಿ ಹಾಯ್ದಿತು.

"ಯಾರೇ ಅವಳು?" ಸ್ಪೀಕರ್ ಗುಡುಗಿತು.

"ನಾಳೆ ಹೇಳ್ತೀನಿ ಅತ್ತಿಗೆ" ಎಂದು ಮೈಕ್ ಆರಿಸಿ, ನಾದಿನಿ ಸಂಶೋಧಕಿಯತ್ತ ತಿರುಗಿದಳು. "ಇನ್ನೆಷ್ಟು ದಿನ ಇದೆ ಇದು?"

"ಹದಿನಾಲ್ಕು."

"ನಮ್ಮಣ್ಣನಿಗೆ ಅಷ್ಟೊಂದು ಯೋಗ್ಯತೆ ಎಲ್ಲಿತ್ತು? ಉಳಿದ ಹುಡುಗೀರನ್ನ ನಾವೇ ಕೂತು ಕಥೆ ಕಟ್ಟಿ ಹುಟ್ಟಿಸಬೇಕು."

ಸಂಶೋಧಕಿ ಕುರ್ಚಿ ಎಳೆದು ಅವಳ ಪಕ್ಕ ಕೂತಳು.